ಹಸಿವಿಲ್ಲದ ನಟಿ, ಹಸಿದ ಏಜೆಂಟರು

ನಟರಿಗೆ, ಲೇಖಕರಿಗೆ ಕೆಲಸ ಕುದುರಿಸಿ ಕಮಿಷನ್ ಪಡೆಯುವ ಹಾಲಿವುಡ್ ಏಜೆಂಟರನ್ನು ಗೇಲಿ ಮಾಡುವ ಸಿನಿಮಾ ತೆಗೆಯಲು ಹೊರಟವರು ಸುಮ್ನೆ ಮನೆಯಲ್ಲಿರುವುದು ವಾಸಿ. ಏಜೆಂಟರೇ ಅದನ್ನು ಪುಕ್ಕಟೆ ತೋರಿಸುತ್ತಿದ್ದಾರೆ. ಟಿಲ್ಲಿ ನಾರ್ವುಡ್ ಗೊತ್ತಲ್ಲ, ಆ ಎಐ ನಟಿ? ಅವಳನ್ನು ತಯಾರಿಸಿದಾಕೆ 2025ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್‌ನಲ್ಲಿ ಏನಂದರು ನೆನಪಿದೆಯಾ? ಇವಳಿಗೆ ಏಜೆನ್ಸಿಗಳು ಆಸಕ್ತಿ ತೋರಿಸಿವೆಯಂತೆ, ಯಾವುದು ಅಂತ ಆಮೇಲೆ ಹೇಳುತ್ತಾರಂತೆ.

ಏಜೆಂಟರ ಕಣ್ಣಲ್ಲಿ ನೋಡಿ, ಎಂಥಾ ಚಿನ್ನದಂಥ ಹುಡುಗಿ! ಕ್ಯಾರವಾನ್ ಕೇಳುವುದಿಲ್ಲ. ನಡುರಾತ್ರಿ ಫೋನ್ ಮಾಡಿ ಅಳುವುದಿಲ್ಲ. ವಯಸ್ಸಾಗುವುದಿಲ್ಲ, ಆದ್ದರಿಂದ ಅಮ್ಮನ ಪಾತ್ರ ಕೊಟ್ಟರೆ ಮುನಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಹತ್ತು ಪರ್ಸೆಂಟ್ ಕಮಿಷನ್ ಯಾಕೆ, ನೂರಕ್ಕೆ ನೂರು ಹಿಡಿದುಕೊಂಡರೂ ತುಟಿ ಬಿಚ್ಚಳು.

ಕಮಿಷನ್ ಅಂದಾಗ ಪ್ಯಾಕೇಜಿಂಗ್ ನೆನಪಾಯ್ತು. ಲೇಖಕ, ನಿರ್ದೇಶಕ, ನಟ ಎಲ್ಲರನ್ನೂ ಏಜೆನ್ಸಿಯೇ ಒಂದು ಗಂಟು ಕಟ್ಟಿ ಸ್ಟುಡಿಯೋಗೆ ಒಪ್ಪಿಸುತ್ತಿತ್ತು, ಅದಕ್ಕೆ ಸ್ಟುಡಿಯೋದಿಂದಲೇ ಶುಲ್ಕ ಪಡೆಯುತ್ತಿತ್ತು. ಲೇಖಕನಿಂದ ಕಮಿಷನ್ ಬೇಡವಾಗಿತ್ತು, ಎಷ್ಟು ಧಾರಾಳ ಅಲ್ವಾ? ಅವನ ಸಂಬಳ ಏರಿದರೆ ಏಜೆಂಟನಿಗೆ ನಯಾಪೈಸೆ ಜಾಸ್ತಿ ಬರುತ್ತಿರಲಿಲ್ಲ, ಹಾಗಾಗಿ ಚೌಕಾಸಿ ಮಾಡುವ ದರ್ದೂ ಇರಲಿಲ್ಲ. ಇದಕ್ಕೇ ಸಿಟ್ಟಾಗಿ 2019ರ ಏಪ್ರಿಲ್‌ನಲ್ಲಿ ಅಲ್ಲಿನ ಲೇಖಕರ ಸಂಘದ 7,000ಕ್ಕೂ ಹೆಚ್ಚು ಮಂದಿ ತಮ್ಮ ಏಜೆಂಟರಿಗೇ ಗೇಟ್‌ಪಾಸ್ ಕೊಟ್ಟರು. ದೊಡ್ಡ ಏಜೆನ್ಸಿಗಳಲ್ಲಿ ಎಲ್ಲರಿಗಿಂತ ಕೊನೆಗೆ ಬಗ್ಗಿ ಪ್ಯಾಕೇಜಿಂಗ್ ಶುಲ್ಕ ಬಿಡಲು ಒಪ್ಪಿದ್ದು ಡಬ್ಲ್ಯೂಎಂಇ, ಅದೂ 2021ರ ಫೆಬ್ರವರಿಯಲ್ಲಿ. ಇದರ ಮಾತೃಸಂಸ್ಥೆ ಎಂಡೆವರ್ ಕೈಯಲ್ಲಿ ಆಗ ಗೂಳಿ ಸವಾರಿಯ ಲೀಗ್ ಕೂಡ ಇತ್ತು. ತಮಾಷೆಯಲ್ಲ, ನಿಜವಾದ ಗೂಳಿಗಳೇ. ಸವಾರನನ್ನು ಕೆಡವಿದ್ದಕ್ಕೆ ಗೂಳಿಯ ಪರವಾಗಿ ಯಾರು ಮಾತುಕತೆಗೆ ಕೂರುತ್ತಿದ್ದರೋ! ಒದೆಯುವ ಕಕ್ಷಿದಾರನಾದ್ದರಿಂದ ಅದಕ್ಕೆ ಲೇಖಕರಿಗಿಂತ ಒಳ್ಳೆಯ ರೇಟೇ ಸಿಕ್ಕಿರಬೇಕು.

ಈ ಡಬ್ಲ್ಯೂಎಂಇ ಟಿಲ್ಲಿಯನ್ನು ಸೇರಿಸಿಕೊಳ್ಳುವುದಿಲ್ಲ ಅಂತ ಬಹಿರಂಗವಾಗಿ ಹೇಳಿತು. ಒಳ್ಳೆಯದೇ. ಆದರೆ ನಾವು ಮನುಷ್ಯರ ಪರ ಕೆಲಸ ಮಾಡುತ್ತೇವೆ ಅಂತ ಒಬ್ಬ ಏಜೆಂಟ್ ಹೇಳಿಕೆ ಕೊಡಬೇಕಾಗಿ ಬಂತಲ್ಲ!

ನಗು ಇಲ್ಲಿಗೆ ಸಾಕು. 2023ರಲ್ಲಿ ಇದೇ ಊರಿನ ನಟರು 118 ದಿನ ಮುಷ್ಕರ ಮಾಡಿದರು. ನಮ್ಮನ್ನು ಕೇಳದೆ ನಮ್ಮ ಮುಖ ಬಳಸಬೇಡಿ ಅನ್ನುವುದೂ ಅವರ ಬೇಡಿಕೆಯಾಗಿತ್ತು. ಮನೆ ಬಾಡಿಗೆ ಕಟ್ಟಲಾಗದವರೂ ಬಿಸಿಲಲ್ಲಿ ಬೋರ್ಡ್ ಹಿಡಿದು ನಿಂತಿದ್ದರು. ಇವತ್ತಿಗೂ ಅವರಲ್ಲಿ ಎಷ್ಟೋ ಜನರ ಫೋನ್ ಎತ್ತುವ ಏಜೆಂಟ್ ಇಲ್ಲ. ಹುಟ್ಟೇ ಇರದವಳ ಹಿಂದೆ ಓಡಲು ಮಾತ್ರ ಪುರುಸೊತ್ತಿದೆ. ಈ ಬೊಂಬೆ ಅಸಂಖ್ಯಾತ ನಟರ ಅಭಿನಯದಿಂದಲೇ, ಅನುಮತಿಯಿಲ್ಲದೆ, ಕಾಸು ಕೊಡದೆ ತಯಾರಾದದ್ದು ಅಂತ ಅವರ ಸಂಘ ಹೇಳಿದೆ. ಸರಿ ಸ್ವಾಮಿ, ಆ ಬಾಕಿ ಕಾಸನ್ನು ಯಾವ ಏಜೆಂಟ್ ವಸೂಲಿ ಮಾಡಿಕೊಡುತ್ತಾನೆ? ಬೇಕಿದ್ದರೆ ಹತ್ತು ಪರ್ಸೆಂಟ್ ಇಟ್ಟುಕೊಳ್ಳಲಿ.