ಆಫ್ ಆಯ್ತು ನೋಡಿ

ಬಾಡಿಗೆ ಕಾರನ್ನು ವಾಪಸ್ ಕೊಟ್ಟು ಎರಡು ದಿನವಾಯಿತು. ಸೀಟ್ ಬೆಲ್ಟಿನ ಬಕಲ್ ನನ್ನ ಅಂಗೈ ಮೇಲೆ ಒತ್ತಿದ ಮುದ್ರೆ ಮಾತ್ರ ಹಾಗೇ ಇದೆ. ಬಿಸಿಲಲ್ಲಿ ನಿಂತ ಕಾರಿನ ಬಕಲ್ಲನ್ನು ಬರಿಗೈಯಲ್ಲಿ ಹಿಡಿಯಬಾರದು ಅಂತ ಗೊತ್ತು. ಗೊತ್ತಿದ್ದೂ ಪ್ರತಿ ಬೇಸಿಗೆಯಲ್ಲಿ ಒಂದು ಸಲ ಹಿಡಿಯುತ್ತೇನೆ. ಈ ವರ್ಷದ್ದು ಮುಗಿಯಿತು. ಆದರೆ ಈಗ ನನಗಿರುವ ಉರಿ ಅಂಗೈಯದ್ದಲ್ಲ, ಮಾವನದ್ದು. ಹೆಂಡತಿ ಇದನ್ನು ಓದುವುದಿಲ್ಲ ಅನ್ನೋ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಎಲ್ಲದಕ್ಕೂ ಮೂಲ ನಮ್ಮ ಸ್ವಂತ ಕಾರು. ಹಳೆಯದು, ದೂರುವ ಹಾಗಿಲ್ಲ. ಓಡುತ್ತಿರುವಾಗ ಎಸಿ ತಣ್ಣಗೆ ಬೀಸುತ್ತದೆ. ಸಿಗ್ನಲ್‌ನಲ್ಲಿ ನಿಂತಿತೋ, ಎದುರಿಗೆ ಯಾರೋ ಕೂತು ಬಾಯಲ್ಲಿ ಊದಿದ ಹಾಗಾಗುತ್ತದೆ. ಮೆಕ್ಯಾನಿಕ್‌ಗೆ ತೋರಿಸಿದೆ. "ಕಂಪ್ರೆಸರ್ ತಿರುಗೋದು ಎಂಜಿನ್ ಬೆಲ್ಟಿನಿಂದ ಸರ್. ನಿಂತಾಗ ಎಂಜಿನ್ ನಿಧಾನ, ಅದೂ ನಿಧಾನ" ಅಂದ. ಅಂದರೆ ಹಾಯಾಗಿ ಓಡುತ್ತಿರುವಾಗ ತಂಪು ಧಾರಾಳ. ಮುಂದೆ ಲಾರಿ, ಹಿಂದೆ ಬಸ್ಸು, ನೆತ್ತಿ ಮೇಲೆ ಸೂರ್ಯ ಅಂತ ಸಿಕ್ಕಿಹಾಕಿಕೊಂಡಾಗ ಅದಕ್ಕೆ ರಜೆ.

ಆಫೀಸಿನ ಗೆಳೆಯನೊಬ್ಬ ಇದಕ್ಕೆ ಪರಿಹಾರ ಹೇಳಿದ. "ಹೈಬ್ರಿಡ್ ನೋಡು ಮಾರಾಯ, ಪೆಟ್ರೋಲ್ ಎಂಜಿನ್ನೂ ಇರುತ್ತೆ, ಬ್ಯಾಟರಿ ಮೋಟರೂ ಇರುತ್ತೆ. ಅದರ ಎಸಿ ಬ್ಯಾಟರಿ ಮೇಲೆ ಓಡುತ್ತೆ. ಎಂಜಿನ್ ನಿಂತ್ರೂ ತಣ್ಣಗೇ ಇರುತ್ತೆ." ಅವನ ಹತ್ತಿರ ಹೈಬ್ರಿಡ್ ಇಲ್ಲ. ಸಲಹೆ ಕೊಡುವವರ ಹತ್ತಿರ ಆ ವಸ್ತು ಯಾವಾಗಲೂ ಇರುವುದಿಲ್ಲ, ಅಲ್ವಾ? ಸರಿ, ಕೊಳ್ಳೋದು ಆಮೇಲೆ, ಮೊದಲು ಎರಡು ದಿನ ಬಾಡಿಗೆಗೆ ತಗೊಂಡು ಉರಿಬಿಸಿಲಲ್ಲೇ ಓಡಿಸಿ ನೋಡೋಣ ಅಂದುಕೊಂಡೆ.

"ನಾನೂ ಬರ್ತೀನಿ" ಅಂದರು ಮಾವ.

ಮಾವ ಒಳ್ಳೆಯವರು. ಆದರೆ ಅವರ ತೋರುಬೆರಳಿಗೂ ಕಾರಿನ ಎಸಿ ಬಟನ್ನಿಗೂ ಹಳೇ ಹಗೆ. ಸಿಗ್ನಲ್ ಬಂದರೆ ಆಫ್. ದಿಬ್ಬ ಬಂದರೆ ಆಫ್. ಮುಂದಿನ ಗಾಡಿ ಓವರ್‌ಟೇಕ್ ಮಾಡುವಾಗ ಆಫ್. ಮನೆ ಇನ್ನೂ ಒಂದು ಕಿಲೋಮೀಟರ್ ಇರುವಾಗಲೇ ಆಫ್. "ಒಳಗೆ ಇರೋ ತಂಪು ಸಾಕು ಅಳಿಯಂದ್ರೇ, ಮನೆ ತನಕ ಬರುತ್ತೆ." ಬರುವುದಿಲ್ಲ. ಹನ್ನೆರಡು ವರ್ಷದಿಂದ ನೋಡುತ್ತಿದ್ದೇನೆ, ಒಂದು ದಿನವೂ ಬಂದಿಲ್ಲ.

ಬಾಡಿಗೆಯವರು ಬೆಳಿಗ್ಗೆಯೇ ಕಾರು ತಂದು ಬಯಲಲ್ಲಿ ನಿಲ್ಲಿಸಿ, ಕೀಲಿ ಕೊಟ್ಟು ಹೋಗಿದ್ದರು. ನಾವು ಹೊರಟಿದ್ದು ಮಧ್ಯಾಹ್ನ. ಹೊರಗೆ 41 ಡಿಗ್ರಿ. ಗಾಜು ಮುಚ್ಚಿದ ಕಾರು ಬಿಸಿಲಲ್ಲಿ ನಿಂತರೆ ಮೊದಲ ಅರ್ಧ ಗಂಟೆಯಲ್ಲೇ ಹೆಚ್ಚು ಕಡಿಮೆ ಪೂರ್ತಿ ಕಾದುಬಿಡುತ್ತದೆ. ಇದು ನಾಲ್ಕು ಗಂಟೆ ನಿಂತಿತ್ತು. ಬಾಗಿಲು ತೆಗೆದರೆ ಹಂಡೆ ಒಲೆ ಬಾಯಿ. ಬಕಲ್ ಹಿಡಿದೆ. ಆ ಕಥೆ ಆಗಲೇ ಹೇಳಿದೆ.

ಬಟನ್ ಒತ್ತಿದೆ. ಸ್ಕ್ರೀನ್ ಬೆಳಗಿತು. ಇನ್ನೊಮ್ಮೆ ಒತ್ತಿದೆ. ಫ್ಯಾನೂ ತಿರುಗಿತು. ಸದ್ದೇ ಇಲ್ಲ. ಹೈಬ್ರಿಡ್ ಸ್ಟಾರ್ಟ್ ಆದರೆ ಗೊತ್ತೇ ಆಗುವುದಿಲ್ಲ ಅಂತ ಎಲ್ಲರೂ ಹೇಳಿದ್ದರಲ್ಲ.

"ನೋಡಿದ್ರಾ ಮಾವ, ಸ್ಟಾರ್ಟ್ ಆಗಿದೆ. ಒಂಚೂರು ಸದ್ದಿಲ್ಲ" ಅಂದೆ, ಅದನ್ನು ನಾನೇ ತಯಾರು ಮಾಡಿದವನ ಹಾಗೆ.

ಫ್ಯಾನಿನಿಂದ ಬಿಸಿಗಾಳಿ ಬಂತು. ಶುರುವಿಗೆ ಹಾಗೇ ಅಂದುಕೊಂಡೆ. 24 ಡಿಗ್ರಿ ಇದ್ದಿದ್ದನ್ನು 18ಕ್ಕೆ ಇಳಿಸಿದೆ. ಇನ್ನೂ ಬಿಸಿಗಾಳಿ. ಫ್ಯಾನ್ ಜಾಸ್ತಿ ಮಾಡಿದೆ. ಬಿಸಿಗಾಳಿಯೇ ಜಾಸ್ತಿ ಆಯಿತು. ಮಾವ ಕಿಟಕಿ ಇಳಿಸಲು ಹೋದರು. "ಬೇಡ ಮಾವ, ತಂಪು ಹೊರಗೆ ಹೋಗುತ್ತೆ" ಅಂದೆ. ಹೋಗೋಕೆ ಇದ್ದರೆ ತಾನೇ? ಹಿಂದೆ ಕೂತ ಹೆಂಡತಿ ಏನೂ ಮಾತಾಡಲಿಲ್ಲ. ಅವಳು ಮಾತಾಡದೇ ಇರುವುದು ಎಷ್ಟು ಡಿಗ್ರಿ ಅಂತ ನನಗೆ ಗೊತ್ತು. ಹೀಗೆ ಕಾಲು ಗಂಟೆ ಮೂವರೂ ಬೆಂದೆವು. ಹೈಬ್ರಿಡ್ ಎಸಿ ಅಂದರೆ ಇಷ್ಟೇನಾ ಅಂತ ಮನಸ್ಸಿನಲ್ಲೇ ತೀರ್ಪೂ ಕೊಟ್ಟಾಯಿತು. ಇನ್ನು ಓಡಿಸೋಣ ಅಂತ ಗೇರ್ ಹಾಕಿದರೆ ಕಾರು ಅಲ್ಲಾಡಲಿಲ್ಲ.

ಬಾಡಿಗೆಯವರಿಗೆ ಫೋನ್ ಮಾಡಿದೆ.

"ರೆಡಿ ಇದೆಯಾ ಸರ್?" ಅಂದ ಹುಡುಗ.

"ನಾವು ಯಾವಾಗಲೋ ರೆಡಿ ಕಣಪ್ಪ."

"ಅಲ್ಲ ಸರ್, ರೆಡಿ ಬಂದಿದೆಯಾ?"

"ಬಂದಿದ್ದೇವೆ. ಮೂರು ಜನ. ಒಳಗೇ ಕೂತಿದ್ದೇವೆ."

ಹುಡುಗ ಒಂದು ಕ್ಷಣ ಸುಮ್ಮನಾದ. ನಗು ನುಂಗಿಕೊಂಡಿರಬೇಕು. "ಸರ್, ಡ್ಯಾಶ್‌ಬೋರ್ಡ್ ಮೇಲೆ ರೆಡಿ ಅಂತ ಅಕ್ಷರ ಬರುತ್ತೆ. ಅದು ಬಂದಿದೆಯಾ ನೋಡಿ."

ಬಂದಿರಲಿಲ್ಲ.

"ಬ್ರೇಕ್ ತುಳಿದುಕೊಂಡು ಬಟನ್ ಒತ್ತಬೇಕು ಸರ್. ಬ್ರೇಕ್ ತುಳೀದೇ ಒತ್ತಿದ್ರೆ ಬರೀ ಫ್ಯಾನು, ಲೈಟು."

ತುಳಿದೆ. ಒತ್ತಿದೆ. ರೆಡಿ ಬಂತು. ಈಗಲೂ ಸದ್ದಿಲ್ಲ. ಆದರೆ ಅರ್ಧ ನಿಮಿಷದಲ್ಲಿ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಅಲ್ಲಿಯ ತನಕ ನಾವು ಆಫ್ ಆಗಿದ್ದ ಕಾರಿನಲ್ಲಿ ಕೂತು ಅದರ ಮೌನವನ್ನು ಹೊಗಳುತ್ತಿದ್ದೆವು.

"ಆಫ್ ಆಗಿದ್ರೆ ಸದ್ದು ಎಲ್ಲಿಂದ ಬರಬೇಕು?" ಅಂದರು ಮಾವ. ಆ 'ಆಫ್' ಅವರ ನಾಲಿಗೆ ಮೇಲೆ ಕೂತಿದ್ದು ಆಗಲೇ. ಮುಂದಿನ ಎರಡು ದಿನ ಇಳಿಯಲಿಲ್ಲ.

ಹೊರಟೆವು. ಸ್ವಲ್ಪ ದೂರಕ್ಕೆ ಎಂಜಿನ್ ತಾನಾಗೇ ಶುರುವಾಯಿತು. ಮೊದಲ ಸಿಗ್ನಲ್‌ನಲ್ಲಿ ತಾನಾಗೇ ನಿಂತಿತು.

"ಆಫ್ ಆಯ್ತು ನೋಡಿ."

"ಅದು ಹಾಗೇ ಮಾವ. ಬೇಕಾದಾಗ ಓಡುತ್ತೆ, ಬೇಡವಾದಾಗ ನಿಲ್ಲುತ್ತೆ."

ಹಸಿರು ದೀಪ ಬಂತು. ಕಾರು ಮೋಟರ್ ಮೇಲೇ ಹೊರಟು, ವೇಗ ಏರಿದಾಗ ಎಂಜಿನ್ ಎಬ್ಬಿಸಿತು. "ಹಾಂ, ಬಂತು" ಅಂದರು ಮಾವ. ಮುಂದಿನ ತಿರುವಿನಲ್ಲಿ, "ಆಫ್ ಆಯ್ತು." ಕರೆಂಟ್ ಹೋಗೋದು ಬರೋದು ಹೇಳುವ ದನಿ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ನಿಂತಲ್ಲೇ ಎಸಿ ಓಡಿದರೆ ಬ್ಯಾಟರಿ ಇಳಿಯುತ್ತದೆ. ಇಳಿದಾಗ ಎಂಜಿನ್ ಎದ್ದು ಒಂದಷ್ಟು ತುಂಬಿಸಿ ಮತ್ತೆ ಮಲಗುತ್ತದೆ. ಅಂದರೆ ಮಾವನಿಗೆ ಪುರುಸೊತ್ತಿಲ್ಲ. ಬಂತು. ಆಫ್ ಆಯ್ತು. ಬಂತು. ಅಯ್ಯೋ, ಮತ್ತೆ ಆಫ್ ಆಯ್ತು.

"ಅಪ್ಪ, ಸ್ವಲ್ಪ ಸುಮ್ನಿರಿ" ಅಂದಳು ಹೆಂಡತಿ.

"ನಾನೇನಮ್ಮ ಮಾಡ್ದೆ? ಆಫ್ ಆಯ್ತು, ಹೇಳ್ದೆ."

ಇದೇನು ಹೊಸ ವಿದ್ಯೆಯಲ್ಲ. ಟೊಯೊಟಾ ಪ್ರಿಯಸ್ ಅನ್ನೋ ಹೈಬ್ರಿಡ್ ಕಾರು ಜಪಾನಿನಲ್ಲಿ ಮಾರಾಟಕ್ಕೆ ಬಂದಿದ್ದು 1997ರಲ್ಲಿ. ಅಷ್ಟು ವರ್ಷದಿಂದ ಲಕ್ಷಾಂತರ ಎಂಜಿನ್‌ಗಳು ಸಿಗ್ನಲ್‌ಗಳಲ್ಲಿ ನಿಂತು ಹೊರಡುತ್ತಿವೆ, ಯಾರೂ ಘೋಷಣೆ ಮಾಡದೆ. ಇದನ್ನೆಲ್ಲ ಮಾವನಿಗೆ ವಿವರಿಸಿದೆ. ಕೇಳಿಸಿಕೊಂಡರು. ಕೇಳಿಸಿಕೊಳ್ಳುತ್ತಲೇ ಅವರ ತೋರುಬೆರಳು ಎಸಿ ಕಡೆ ಹೋಯಿತು.

"ಮಾವ, ಇದರ ಕಂಪ್ರೆಸರ್‌ಗೆ ಬೆಲ್ಟೇ ಇಲ್ಲ. ಬ್ಯಾಟರಿ ಕರೆಂಟಿನಿಂದ ಓಡುತ್ತೆ. ಎಂಜಿನ್‌ಗೆ ಭಾರ ಇಲ್ಲ."

"ಬ್ಯಾಟರಿಗೆ ಕರೆಂಟ್ ಎಲ್ಲಿಂದ?"

"ಎಂಜಿನ್‌ನಿಂದ."

"ಎಂಜಿನ್ ಓಡೋದು?"

"ಪೆಟ್ರೋಲಿನಿಂದ."

"ಅಷ್ಟೇ" ಅಂದು ಆಫ್ ಮಾಡಿದರು.

ನನಗೆ ಉರಿದದ್ದು ಅವರು ಆಫ್ ಮಾಡಿದ್ದಕ್ಕಲ್ಲ. ಹೇಳಿದ್ದು ಸರಿಯಾಗಿತ್ತು, ಅದಕ್ಕೆ. ಮಾನ ಉಳಿಸಿಕೊಳ್ಳಲು, "ಬ್ರೇಕ್ ಹಾಕಿದ್ರೂ ಚಾರ್ಜ್ ಆಗುತ್ತೆ ಮಾವ. ಸುಮ್ನೆ ಬಿಸಿಯಾಗಿ ಹೋಗೋ ಶಕ್ತಿಯಲ್ಲಿ ಒಂದಷ್ಟು ವಾಪಸ್ ಬ್ಯಾಟರಿಗೆ ಬರುತ್ತೆ" ಅಂದುಬಿಟ್ಟೆ. ಅದನ್ನು ಹೇಳಬಾರದಿತ್ತು.

ಮಾವ ಹುಟ್ಟಾ ಬ್ರೇಕ್ ಹಾಕುವವರು. ಪಕ್ಕದ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ತುಳಿದು ತುಳಿದು ನಮ್ಮ ಕಾರಿನ ಮ್ಯಾಟ್ ಆ ಒಂದು ಜಾಗದಲ್ಲಿ ಸವೆದಿದೆ. ಇಷ್ಟು ದಿನ ಭಯಕ್ಕೆ ತುಳಿಯುತ್ತಿದ್ದರು, ಈಗ ಉಳಿತಾಯದ ನೆಪ ಸಿಕ್ಕಿತು. "ಹಾಕಿ, ಹಾಕಿ, ಚಾರ್ಜ್ ಆಗ್ಲಿ." ದೂರದಲ್ಲಿ ಒಂದು ನಾಯಿ ರಸ್ತೆ ದಾಟುವ ಯೋಚನೆ ಮಾಡಿದರೂ, "ಹಾಕಿ." ಸ್ಕ್ರೀನ್ ಮೇಲೆ ಬಾಣಗಳು ಚಕ್ರದಿಂದ ಬ್ಯಾಟರಿಗೆ ಹರಿಯುವುದನ್ನು ನೋಡಿ ಅವರಿಗೆ ಬಡ್ಡಿ ಬಂದಷ್ಟು ಖುಷಿ. ಮಾವನ ಕಾಲಿನಿಂದಲೂ ಚಾರ್ಜ್ ಆಗುವ ಹಾಗಿದ್ದರೆ ಆ ಕಾರಿಗೆ ಪೆಟ್ರೋಲೇ ಬೇಕಿರಲಿಲ್ಲ.

ಈ ಗಲಾಟೆಯಲ್ಲಿ ಹಿಂದಿನಿಂದ ಗೊರ್ ಅಂತ ಒಂದು ಸದ್ದು. ಸೀಟಿನ ಪಕ್ಕ ಒಂದು ಗಾಳಿ ಕಿಂಡಿ ಇದೆ. ಬ್ಯಾಟರಿಯನ್ನು ತಣ್ಣಗಿಡಲು ಒಂದು ಫ್ಯಾನು ಕಾರಿನೊಳಗಿನ ಗಾಳಿಯನ್ನೇ ಅಲ್ಲಿಂದ ಎಳೆದುಕೊಳ್ಳುತ್ತದೆ. ಮುಚ್ಚಬೇಡಿ ಅಂತ ಪುಸ್ತಕದಲ್ಲಿ ಬರೆದಿದ್ದಾರೆ. ಅದರ ಮೇಲೆ ಹೆಂಡತಿಯ ಶಾಲು. 41 ಡಿಗ್ರಿಗೆ ಶಾಲು ಯಾಕೆ ಅಂತ ನೀವು ಕೇಳಬಹುದು. ನಾನು ಕೇಳಲಿಲ್ಲ. ಮಾವ ಆಫ್ ಮಾಡದೇ ಇದ್ದಾಗ ನಾನು 18ಕ್ಕೆ ಇಡುತ್ತೇನಲ್ಲ, ಅದಕ್ಕೆ. ಶಾಲು ತೆಗೆದ ಸ್ವಲ್ಪ ಹೊತ್ತಿಗೆ ಸದ್ದು ಇಳಿಯಿತು. ಅಲ್ಲಿಗೆ ಎಸಿ ಬೇಕು ಅನ್ನುವವರು ಕಾರಿನಲ್ಲಿ ಇಬ್ಬರಾದೆವು, ನಾನು ಮತ್ತು ಬ್ಯಾಟರಿ.

ಎರಡನೇ ದಿನ ಊರಾಚೆ ದಿಬ್ಬದ ರಸ್ತೆಗೆ ಹೋದೆವು. ಏರುವಾಗ ಎಂಜಿನ್ ಒಂದೇ ರಾಗದಲ್ಲಿ ಕಿರುಚಿತು. ಆದರೆ ಎಸಿ ತಣ್ಣಗೇ ಇತ್ತು. ಮಾವನ ಬೆರಳು ಎರಡು ಸಲ ಎದ್ದು, ನನ್ನ ಮುಖ ನೋಡಿ ಕೆಳಗಿಳಿಯಿತು. ತುದಿ ದಾಟಿ ಇಳಿಯಲು ಶುರುಮಾಡಿದಾಗ ಎಂಜಿನ್ ನಿಂತಿತು. ಅವರು ಆಫ್ ಆಯ್ತು ಅನ್ನುತ್ತಾರೆ ಅಂತ ಕಾದೆ. ಅನ್ನಲಿಲ್ಲ.

ಅಷ್ಟು ನಿಶ್ಶಬ್ದದಲ್ಲಿ ನಾವಿಬ್ಬರೂ ಯಾವತ್ತೂ ಪಕ್ಕಪಕ್ಕ ಕೂತಿರಲಿಲ್ಲ. ಹನ್ನೆರಡು ವರ್ಷ ನಮ್ಮ ನಡುವೆ ಮಾತಿನ ಬದಲು ಎಂಜಿನ್ ಸದ್ದು ಇತ್ತು. ಅದು ನಿಂತ ಮೇಲೆ ಯಾರಾದರೂ ಏನಾದರೂ ಹೇಳಲೇಬೇಕಾಯಿತು.

"ನಮ್ಮ ಹಳೇ ಗಾಡೀಲಿ ಎಸಿ ಹಾಕಿದ್ರೆ ಏರು ಹತ್ತುತ್ತಿರಲಿಲ್ಲ" ಅಂದರು. "ಮುಳ್ಳು ಕೆಂಪಿಗೆ ಹೋಗ್ತಿತ್ತು. ಕೆಳಗೇ ಆಫ್ ಮಾಡ್ಕೊಂಡು ಹತ್ತುತ್ತಿದ್ದೆ. ನಿಮ್ಮತ್ತೆ ಪೇಪರ್ ಮಡಚಿ ಗಾಳಿ ಹಾಕ್ತಿದ್ಲು. ನನಗೆ ಹಾಕ್ತಿದ್ಲು. ತಾನು ಬೆವರಿಕೊಂಡೇ ಕೂರ್ತಿದ್ಲು."

ಅತ್ತೆ ಹೋಗಿ ಆರು ವರ್ಷ. ಹಿಂದೆ ಹೆಂಡತಿ ಕಿಟಕಿ ಕಡೆ ತಿರುಗಿದಳು. ನಾನು ರಸ್ತೆ ನೋಡಿಕೊಂಡು ಓಡಿಸಿದೆ.

"ಈಗ ಆಫ್ ಮಾಡ್ಲಾ?" ಅಂದರು ಸ್ವಲ್ಪ ಹೊತ್ತಿಗೆ.

"ಇರ್ಲಿ ಮಾವ."

"ಸರಿ" ಅಂದರು. ಇನ್ನೂರು ಮೀಟರ್ ಆದ ಮೇಲೆ ಆಫ್ ಮಾಡಿದರು.

ವಾಪಸ್ ಬರುವಾಗ ಊಟಕ್ಕೆ ನಿಲ್ಲಿಸಿದೆವು. ಕಾರು ನಿಂತಿತು, "ಆಫ್ ಆಯ್ತು" ಅಂದರು ಮಾವ. ಎರಡು ದಿನದಲ್ಲಿ ಮೊದಲ ಸಲ ನಾನು ಅವರನ್ನು ನಂಬಿದೆ. ಬಟನ್ ಒತ್ತದೇ ಇಳಿದುಬಿಟ್ಟೆ. ಬಾಗಿಲು ಹಾಕಿದಾಗ ಎಲ್ಲೋ ಕಾರೊಂದು ಕೀಂ ಕೀಂ ಅಂತು. "ಯಾರಪ್ಪ ಇದು, ಕಾರು ಇಟ್ಟುಕೊಂಡ ಮೇಲೆ ನೋಡಿಕೊಳ್ಳೋದು ಬೇಡ್ವಾ" ಅಂತ ಬೈದುಕೊಂಡೇ ಒಳಗೆ ಹೋದೆ.

ನಲವತ್ತು ನಿಮಿಷದ ಮೇಲೆ ಬಂದು ನೋಡಿದರೆ ಲಾಕೂ ಆಗಿಲ್ಲ, ಆಫೂ ಆಗಿಲ್ಲ. ಪುಣ್ಯಕ್ಕೆ ಕಾರು ಅಲ್ಲೇ ಇತ್ತು. ಇಳಿಯುವಾಗ ಎಸಿ ಆಫ್ ಮಾಡಲು, ಎರಡು ದಿನದಲ್ಲಿ ಮೊದಲ ಸಲ, ಮಾವ ಮರೆತಿದ್ದರು. ಯಾರೂ ಇಲ್ಲದ ಕಾರಿನೊಳಗೆ ಅದು 18 ಡಿಗ್ರಿಯಲ್ಲಿ ಓಡುತ್ತಲೇ ಇತ್ತು. ಮಾವನಿಗೆ ಎದೆ ಒಡೆಯುತ್ತದೆ ಅಂದುಕೊಂಡೆ. ಬಾಗಿಲು ತೆಗೆದು ಕೂತರು. ಸೀಟಿಗೆ ಒರಗಿದರು. ಕಣ್ಣು ಮುಚ್ಚಿದರು.

"ಒಳ್ಳೇ ತಣ್ಣಗಿದೆ, ಅಲ್ವಾ?"

ಹೈಬ್ರಿಡ್ ಕೊಳ್ಳುವ ಮಾತು ಅಲ್ಲಿಗೇ ನಿಂತಿದೆ. ಮೈಲೇಜ್ ಚೆನ್ನಾಗಿತ್ತು, ತಂಪೂ ಚೆನ್ನಾಗಿತ್ತು. ಎಸಿ ಬಟನ್ ಓಡಿಸುವವನ ಕೈಗೆ ಮಾತ್ರ ಸಿಗುವ ಕಾರು ಬಂದರೆ ನೋಡೋಣ.

ಇವತ್ತು ಬೆಳಿಗ್ಗೆ ಮಾವನನ್ನು ನಮ್ಮ ಹಳೇ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಸಿಗ್ನಲ್ ಬಿತ್ತು. ನಿಂತೆ. ಎಂಜಿನ್ ಗಡಗಡ ಅನ್ನುತ್ತಿತ್ತು. ಎಸಿ ಬಾಯಲ್ಲಿ ಊದಲು ಶುರುಮಾಡಿತು. ಮಾವ ಡ್ಯಾಶ್‌ಬೋರ್ಡ್ ಕಡೆ ಬಗ್ಗಿ ನೋಡಿದರು, ಕಿವಿಗೊಟ್ಟು ಕೇಳಿದರು, ನನ್ನ ಕಡೆ ತಿರುಗಿದರು.

"ಯಾಕೆ ಅಳಿಯಂದ್ರೇ, ಆಫೇ ಆಗ್ತಿಲ್ಲ? ಕೆಟ್ಟಿರಬೇಕು, ಒಂದ್ಸಲ ತೋರಿಸಿ."