ಕನ್ನಡ ಬರ್ತಿಲ್ಲ, ಅರ್ಜೆಂಟ್!

ರಾತ್ರಿ 10.30ಕ್ಕೆ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜು ಬಿತ್ತು. "ಕನ್ನಡ ಬರ್ತಿಲ್ಲ. ಅರ್ಜೆಂಟ್. ಗೊತ್ತಿರೋರು ಹೇಳಿ."

ಅಷ್ಟೇ. ಯಾವುದರಲ್ಲಿ ಬರ್ತಿಲ್ಲ? ಮೊದಲು ಬರುತ್ತಿತ್ತಾ? ಉಹೂಂ, ಸುಳಿವಿಲ್ಲ. ಐದೇ ನಿಮಿಷಕ್ಕೆ ಒಬ್ಬರು 30 ದಿನದಲ್ಲಿ ಕನ್ನಡ ಕಲಿಸುವ ಪಿಡಿಎಫ್ ಹಾಕಿದರು. ಇನ್ನೊಬ್ಬರು, "ಇಲ್ಲಿಯ ನೀರು ಕುಡಿದು ಕನ್ನಡ ಬರಲ್ಲ ಅನ್ನೋಕೆ ನಾಚಿಕೆ ಆಗಲ್ವಾ?" ಎಂದು ಗುಡುಗಿದರು. ಅದಕ್ಕೆ ಹನ್ನೊಂದು ಜನ ಹಳದಿ, ಕೆಂಪು ಹಾರ್ಟು ಒತ್ತಿದರು.

ನಾನು ಸುಮ್ನಿರಲಾರದೆ ಇರುವೆ ಬಿಟ್ಟುಕೊಂಡೆ. "ಯಾವ ಸಾಫ್ಟ್‌ವೇರ್ ಸರ್?"

"ಕಂಪ್ಯೂಟರ್."

"ಏನು ಬರ್ತಿದೆ?"

"ಏನೇನೋ ಬರ್ತಿದೆ."

ಸ್ಕ್ರೀನ್‌ಶಾಟ್ ಕಳಿಸಿ ಎಂದೆ. ಮೊಬೈಲಿನಲ್ಲಿ ತೆಗೆದ ಫೋಟೋ ಬಂತು. ಮುಕ್ಕಾಲು ಮಾನಿಟರು, ಅದರ ಮೇಲೆ ಟ್ಯೂಬ್‌ಲೈಟಿನ ಬೆಳಕು, ಪಕ್ಕದಲ್ಲಿ ಅರ್ಧ ತಿಂದ ಚಕ್ಕುಲಿ. ಚಕ್ಕುಲಿ ಮಾತ್ರ ಸ್ಪಷ್ಟವಾಗಿತ್ತು.

ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಸಾಲು ಸಾಲಿಗೂ ಬ್ರಿಟಿಷರ ಪೌಂಡ್ ಚಿಹ್ನೆ! ಓಹೋ, ಕನ್ನಡ ಟೈಪ್ ಮಾಡುವ ಹಳೇ "ನುಡಿ" ತಂತ್ರಾಂಶದ ಫೈಲು. ಅದರಲ್ಲಿ ಬರೆದ ಕನ್ನಡ ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ. ವೇಷ ಕಟ್ಟುವ ಫಾಂಟು ಇಲ್ಲದ ಕಡೆ "ನ" ಇರಬೇಕಾದ ಜಾಗದಲ್ಲಿ ಪೌಂಡು ಬಂದು ಕೂರುತ್ತದೆ. ಪ್ರತಿ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆ 1991ರಲ್ಲೇ ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿದೆ. ನಮ್ಮ ಫೈಲುಗಳು ಇನ್ನೂ ಬಾಡಿಗೆ ಮನೆ ಬಿಟ್ಟಿಲ್ಲ.

"ನುಡಿಯಲ್ಲಿ ಟೈಪ್ ಮಾಡಿದ ವರ್ಡ್ ಫೈಲು. ಆಫೀಸಿನಲ್ಲಿ ಸರಿ ಇತ್ತು, ಮನೆಯ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಅಕ್ಷರ ಬರ್ತಿದೆ." ಇಷ್ಟು ಬರೆದಿದ್ದರೆ ಸಾಕಿತ್ತು. ಆ ಫಾಂಟು ಹಾಕ್ಕೊಳ್ಳಿ, ಇಲ್ಲವೇ ಯೂನಿಕೋಡಿಗೆ ಬದಲಾಯಿಸಿ ಅಂತ ಒಂದೇ ಸಾಲಿನಲ್ಲಿ ಹೇಳಿ ಮಲಗುತ್ತಿದ್ದೆ. ಮಂಡಿ ನೋವು ಅಂತ ಡಾಕ್ಟರ ಹತ್ತಿರ ಹೋದರೆ ಕಾಲೇಜಿನಲ್ಲಿದ್ದಾಗ ಸ್ಕೂಟರಿನಿಂದ ಬಿದ್ದ ಕತೆಯನ್ನೂ ಬಿಡದೆ ಹೇಳುವ ಜನ ನಾವು. ಕಂಪ್ಯೂಟರ್ ವಿಷಯಕ್ಕೆ ಮಾತ್ರ ಮೌನವ್ರತ. ಬಲ್ಲವನು ಅಂಜನ ಹಾಕಿ ನೋಡಿ ಹೇಳಬೇಕು.

ಇದನ್ನೆಲ್ಲ ಬಿಡಿಸಿ ಟೈಪ್ ಮಾಡುತ್ತಿದ್ದೆ. ಅಷ್ಟರಲ್ಲಿ, "ಸರಿ ಹೋಯ್ತು, ಥ್ಯಾಂಕ್ಸ್ ಸರ್" ಎಂದು ಬಂತು.

"ಹೇಗೆ ಸರಿ ಮಾಡಿದ್ರಿ? ನಂದೂ ಹಿಂಗೇ ಆಗಿದೆ" ಎಂದು ಇಬ್ಬರು ಕೇಳಿದರು. ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ. ಬೆಳಗ್ಗೆ ಆರಕ್ಕೆ ಅವರಿಂದಲೇ ಗುಲಾಬಿ ಹೂವಿನ ಶುಭೋದಯ ಬಂತು. ಅಚ್ಚ ಕನ್ನಡದಲ್ಲಿ.