ಒಂದೇ ಡಬ್ಬಿಯಲ್ಲಿ ಬೆಂಕಿಯೂ ನೀರೂ

ಸೂಪರ್ ಮಾರ್ಕೆಟ್ ಕಡೆ ಹೋದವರೆಲ್ಲ ಆ ಬ್ಯಾನರ್ ನೋಡಿಯೇ ಇರುತ್ತೀರಿ. ದಿನಕ್ಕೆ ಎರಡು ಚಮಚ ಪುಡಿ, ಇಮ್ಯುನಿಟಿ ದುಪ್ಪಟ್ಟು. ಕೆಳಗೆ ಸಣ್ಣ ಅಕ್ಷರದಲ್ಲಿ: ಮೊಣಕಾಲು ನೋವು, ಕೀಲುಬಾವಿಗೂ ರಾಮಬಾಣ. ಕಲಬುರಗಿಯ ಬಿಸಿಲು ಯಾವುದನ್ನೂ ಎರಡು ಸಲ ಓದಲು ಬಿಡುವುದಿಲ್ಲ. ಆದರೂ ಓದಿದೆ.

ನಮ್ಮ ದೇಹದಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಓಲೆಕಾರನಿದ್ದಾನೆ. 184 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಸೋಂಕು ಹೊಕ್ಕಿತೆಂದರೆ ಯಕೃತ್ತಿಗೆ ಹೇಳಿ ಸಿಆರ್‌ಪಿ ಎಂಬ ಉರಿಯೂತದ ಪ್ರೋಟೀನು ಸುರಿಸುತ್ತಾನೆ, ಮಿದುಳಿಗೆ ಸುದ್ದಿ ಮುಟ್ಟಿಸಿ ಜ್ವರ ಏರಿಸುತ್ತಾನೆ, ಬಿ ಕೋಶಗಳನ್ನು ಪ್ರತಿಕಾಯ ತಯಾರಿಕೆಗೆ ಹಚ್ಚುತ್ತಾನೆ. ಕೆಲಸ ಮುಗಿದ ಮೇಲೂ ಕೂಗುತ್ತ ಕೀಲಿನಲ್ಲಿ ಠಿಕಾಣಿ ಹೂಡಿದರೆ ರುಮಟಾಯ್ಡ್ ಸಂಧಿವಾತಕ್ಕೆ ಉರಿ ಹೆಚ್ಚುತ್ತದೆ. ಅವನ ಕೂಗು ಕೋಶಗಳ ಕಿವಿಗೆ ಬೀಳದಂತೆ ತಡೆಯಲು ವೈದ್ಯರು ಟೊಸಿಲಿಜುಮ್ಯಾಬ್ ಎಂಬ ದುಬಾರಿ ಔಷಧ ಕೊಡುತ್ತಾರೆ. ನಮ್ಮ ಪುಡಿಯೋ, ಮೊದಲ ಚಮಚದಲ್ಲಿ ಅವನನ್ನು ಎಬ್ಬಿಸಿ ಎರಡನೆಯದರಲ್ಲಿ ಮಲಗಿಸುತ್ತದೆ. ಇಂಥ ವಿವೇಕ ಯಾವ ಪುಡಿಗುಂಟು!

ಈ ಆಸಾಮಿಯ ಪೂರ್ವಾಶ್ರಮವೂ ನಮ್ಮೂರಿಗೆ ಒಪ್ಪುವಂಥದೇ. ಒಂದು ಪ್ರಯೋಗಾಲಯದಲ್ಲಿ ಇವನು ಇಂಟರ್‌ಫೆರಾನ್ ಬೀಟಾ-2, ಇನ್ನೊಂದರಲ್ಲಿ ಯಕೃತ್ ಕೋಶ ಪ್ರಚೋದಕ, ಮತ್ತೊಂದರಲ್ಲಿ ಬಿ ಕೋಶ ಪ್ರಚೋದಕ. ಒಬ್ಬನಿಗೇ ಮೂರು ರೇಷನ್ ಕಾರ್ಡು! 1986ರಲ್ಲಿ ಒಸಾಕಾದ ಕಿಶಿಮೊಟೊ, ಹಿರಾನೊ ತಂಡ ಜೀನು ಹಿಡಿದು ನೋಡಿತು. ಇಕೆವೈಸಿ ಆಯಿತು, ಒಂದೇ ಹೆಸರು ಉಳಿಯಿತು.

ಹೊತ್ತುಗಟ್ಟಲೆ ದುಡಿಯುವ ಸ್ನಾಯುವೂ ಇವನನ್ನು ರಕ್ತಕ್ಕೆ ಬಿಡುತ್ತದಂತೆ. ಬ್ಯಾನರಿನ ಎದುರೇ ಖಾನಾವಳಿ. ಅಲ್ಲೊಬ್ಬಾಕೆ ಬೆಳಗಿನಿಂದ ಜೋಳದ ರೊಟ್ಟಿ ಬಡಿಯುತ್ತಾಳೆ. ಅಂಗೈ ತಟ್ಟಿದಂತೆ ರೊಟ್ಟಿ ತಿರುಗುತ್ತ ಅಗಲವಾಗುತ್ತದೆ, ಹಂಚಿಗೆ ಬಿದ್ದೊಡನೆ ಒದ್ದೆ ಬಟ್ಟೆ ಸವರುತ್ತಾಳೆ. ಆ ತೋಳು ಬಿಡುವುದನ್ನು ಡಬ್ಬಿಗೆ ತುಂಬಿ ಮಾರುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ, ಪುಣ್ಯ.

ತಮಾಷೆ ಸಾಕು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯ ಲೆಕ್ಕಕ್ಕೇ ಬಂತು. ಮರುವರ್ಷ ಅದೇ ಟೊಸಿಲಿಜುಮ್ಯಾಬ್ ಎಂದು ಬರೆದ ಚೀಟಿ ಹಿಡಿದು, ಸೋದರಮಾವನಿಗಾಗಿ ನಾನು ಅಂಗಡಿಯಿಂದ ಅಂಗಡಿಗೆ ಅಲೆದೆ. ಸಿಗಲಿಲ್ಲ. ಮಾವನ ದೇಹದಲ್ಲಿ ರೋಗನಿರೋಧಕ ಪಡೆಗೆ ಏನೂ ಕೊರತೆ ಇರಲಿಲ್ಲ, ಅದು ಹಿಡಿತ ತಪ್ಪಿ ಮನೆಯನ್ನೇ ಸುಡುತ್ತಿತ್ತು. ಆಗಲೂ ಆಸ್ಪತ್ರೆಯ ಗೇಟಿನಲ್ಲಿ ಒಬ್ಬ ಇಮ್ಯುನಿಟಿ ಪುಡಿ ಮಾರುತ್ತಿದ್ದ. ನಾಚಿಕೆ ಎಂಬುದು ಬೇಡವೇ ಇವರಿಗೆ?

ಊಟದ ದುಡ್ಡು ಕೊಡುವಾಗ ರೊಟ್ಟಿಯಾಕೆ ಬ್ಯಾನರಿನ ಕಡೆ ಕೈ ತೋರಿದಳು. "ಅಣ್ಣಾ, ಕುಳಿತು ಕುಳಿತು ಮೊಣಕಾಲು ಹಿಡಿದುಬಿಟ್ಟಿವೆ. ಆ ಪುಡಿಗೆ ಎಷ್ಟಂತೆ?"

"799 ರೂಪಾಯಿ."

"ಅಂದರೆ ಎಂಬತ್ತು ರೊಟ್ಟಿ," ಎಂದವಳೇ ಸೀಯುತ್ತಿದ್ದ ರೊಟ್ಟಿಯನ್ನು ತಿರುವಿ ಹಾಕಿದಳು.